ಎಡಗೈ ಕೆಳಗ ಬಿಟ್ಟವನ ಕಥಿ (ಹೆವಿವೇಟ್ ಸರಣಿ, ಭಾಗ 6)

1/5
ದೋಸ್ತರೇ, ಹೋದ ವಾರ ಟೈಸನ್‌ನ ನಾಕೌಟ್ ರೀಲ್ ಹಾಕಿದ್ದೆ. ನಮ್ಮ ಕ್ಲಾಸ್ ಗ್ರೂಪ್‌ನಾಗ ಬರೇ ಬೆಂಕಿ ಇಮೋಜಿ. ಬಿದ್ದವನು ಯಾಕ ಬಿದ್ದ ಅಂತ ಒಬ್ಬರೂ ಕೇಳಲಿಲ್ಲ. ರೀಲಿನ ತೊಂದರೀನೇ ಇದು. ಹದಿನೈದು ಸೆಕೆಂಡಿನಾಗ ಪಂಚ್ ಕಾಣ್ತದ, ಆ ಪಂಚಿಗೆ ದಾರಿ ಯಾರು ಬಿಟ್ಟುಕೊಟ್ಟರು ಅನ್ನೋದು ಕಾಣಲ್ಲ.

ನಮ್ಮ ಕಡೆ ಜಾತ್ರಿ ಕುಸ್ತಿ ನೋಡಿದವರಿಗೆ ಇದು ಗೊತ್ತದ. ಸುರಪುರದ ಕಡೆ ನಮ್ಮ ಕಾಕಾನ ಊರಾಗ ಸಣ್ಣ ಹುಡುಗರ ತೆಂಗಿನಕಾಯಿ ಕುಸ್ತಿಯಿಂದ ಶುರುವಾಗಿ, ಹೊತ್ತು ಮುಳುಗೋ ಮುಂದ ಬೆಳ್ಳಿ ಕಡಗದ ಕುಸ್ತಿ ಆಗ್ತದ. ಕಾಕಾ ಬಾಜೂಕ ಕುಂತು ನನಗ ಒಂದೇ ಮಾತು ಹೇಳ್ತಿದ್ದ: "ಅವ ಯಾವ ಪಟ್ಟಿನ್ಯಾಗ ಗೆಲ್ತಾನ ನೋಡ್ಕೋ. ಒಂದಿನ ಅದೇ ಪಟ್ಟು ಹಾಕೋಕೆ ಹೋಗಿ ಬೀಳ್ತಾನ."

ಆಗ ನನಗ ತಿಳೀಲಿಲ್ಲ. ಈಗ ಹೆವಿವೇಟ್ ಬಾಕ್ಸಿಂಗ್ ನೋಡಿ ನೋಡಿ ತಿಳಿದದ. ದೊಡ್ಡ ಆಟಗಾರನ ವೀಕ್ನೆಸ್ ಅವನ ಶಕ್ತಿಯ ಹೊರಗ ಎಲ್ಲೋ ಇರಲ್ಲ. ಆ ಶಕ್ತಿಯ ಒಳಗೇ ಇರ್ತದ. ಇದೇ ನನ್ನ ಇವತ್ತಿನ ವಾದ.

2/5
1936. ಅಮೆರಿಕದ ಜೋ ಲೂಯಿಸ್‌ಗೆ 22 ವರ್ಷ. ಪ್ರೊಫೆಷನಲ್ ಆದ ಮ್ಯಾಲ ಒಂದೂ ಫೈಟ್ ಸೋತಿರಲಿಲ್ಲ. ಅವನ ದೊಡ್ಡ ಆಸ್ತಿ ಎಡಗೈ ಜ್ಯಾಬ್. ಜ್ಯಾಬ್ ಅಂದ್ರ ಮುಂದಿನ ಕೈಲಿಂದ ನೆಟ್ಟಗ ಹೊಡಿಯೋ ಚುರುಕು ಏಟು. ಲೂಯಿಸ್‌ನ ಜ್ಯಾಬ್ ಬಿದ್ರ ಎದುರಿನವನ ತಲಿ ಹಿಂದಕ್ಕ ಹೋಗ್ತಿತ್ತು.

ಎದುರಿಗೆ ಬಂದವನು ಜರ್ಮನಿಯ ಮ್ಯಾಕ್ಸ್ ಶ್ಮೆಲಿಂಗ್. ಮಾಜಿ ಚಾಂಪಿಯನ್, ವಯಸ್ಸು 30. "ಇವನ ಕಾಲ ಮುಗೀತು" ಅಂತ ಎಲ್ಲರೂ ಅಂದಿದ್ದರು. ಶ್ಮೆಲಿಂಗ್ ಮಾತಾಡಲಿಲ್ಲ, ಲೂಯಿಸ್‌ನ ಹಳೇ ಫೈಟ್‌ಗಳ ಫಿಲಂ ಹಾಕ್ಕೊಂಡು ಮತ್ತೆ ಮತ್ತೆ ನೋಡಿದ. ಒಂದು ಚಾಳಿ ಸಿಕ್ಕಿತು. ಜ್ಯಾಬ್ ಹೊಡೆದ ಮ್ಯಾಲ ಲೂಯಿಸ್‌ನ ಎಡಗೈ ದವಡಿ ಹತ್ರ ವಾಪಸ್ ಬರೋದಿಲ್ಲ, ಕೆಳಗ ಇಳೀತದ. ಆ ಅರ್ಧ ಸೆಕೆಂಡು ಎಡ ದವಡಿ ಖಾಲಿ. ಎದುರಿನವನ ಬಲಗೈಗೆ ನೆಟ್ಟಗ ದಾರಿ!

ಜೂನ್ 19, ನ್ಯೂಯಾರ್ಕಿನ ಯಾಂಕೀ ಸ್ಟೇಡಿಯಂ. ಪ್ರತಿ ಜ್ಯಾಬ್ ಹಿಂದೆ ಶ್ಮೆಲಿಂಗ್‌ನ ಬಲಗೈ ಕಾಯ್ತಿತ್ತು. 4ನೇ ರೌಂಡಿನಾಗ ಲೂಯಿಸ್ ಬಿದ್ದ, ಎದ್ದ. 12ನೇ ರೌಂಡಿನಾಗ ಬಿದ್ದವನು ಏಳಲಿಲ್ಲ.

ಗಮನಿಸ್ರಿ: ಆ ತೂತು ಬ್ಯಾರೆ ಎಲ್ಲೂ ಇರಲಿಲ್ಲ. ಅವನ ಬೆಸ್ಟ್ ಪಂಚಿನಾಗೇ ಇತ್ತು. ಜ್ಯಾಬ್ ಹೊಡೀತಾನೇ ಗೆದ್ದವನಿಗೆ ಕೈ ವಾಪಸ್ ತರೋ ಅವಸರ ಯಾಕ ಇರ್ತದ? ಅಲ್ಲಿತನಕ ಯಾರೂ ಅದಕ್ಕ ದಂಡ ಹಾಕಿರಲಿಲ್ಲ.

3/5
ಈಗ ಜಾರ್ಜ್ ಫೋರ್‌ಮನ್‌ನ ತಗೋರಿ. 1974ರಾಗ ಅವನ ಲೆಕ್ಕ: 40 ಫೈಟ್, 40 ಗೆಲುವು, ಅದರಾಗ 37 ನಾಕೌಟ್. ಮೊಹಮ್ಮದ್ ಅಲಿಯನ್ನ ಸೋಲಿಸಿದ್ದ ಫ್ರೇಜಿಯರ್ ಮತ್ತು ನಾರ್ಟನ್, ಇಬ್ಬರನ್ನೂ ಎರಡೆರಡೇ ರೌಂಡಿನಾಗ ಮುಗಿಸಿದ್ದ. ಆದ್ರ ಇದನ್ನೇ ತಿರುಗಿಸಿ ಓದ್ರಿ. ಎರಡು ರೌಂಡಿನಾಗ ಮುಗಿಸೋನು ಎಂಟನೇ ರೌಂಡಿಗೆ ಉಸಿರು ಉಳಿಸೋದು ಯಾವಾಗ ಕಲೀತಾನ?

ಅಕ್ಟೋಬರ್ 30, ಆಫ್ರಿಕಾದ ಕಿನ್ಶಾಸಾ. 32 ವರ್ಷದ ಅಲಿ ಹಗ್ಗಕ್ಕ ಬೆನ್ನು ಕೊಟ್ಟು, ಮುಖ ಮುಚ್ಚಿಕೊಂಡು, "ಹೊಡಿ" ಅಂತ ನಿಂತ. ಫೋರ್‌ಮನ್ ಹೊಡೆದ, ಹೊಡೆದ, ಹೊಡೆದ. ಬಹಳಷ್ಟು ಏಟು ಅಲಿಯ ತೋಳಿಗೇ ಬಿದ್ದವು. 8ನೇ ರೌಂಡಿಗೆ ಫೋರ್‌ಮನ್‌ನ ಕೈ ಎತ್ತಲಾರದಷ್ಟು ಭಾರ ಆಗಿದ್ದವು. ಅಲಿ ಅವನನ್ನ ಅಲ್ಲೇ ಕೆಡವಿದ.

ಈ ಫೈಟ್ ನೋಡಿದಾಗೆಲ್ಲ ನನಗ ನಮ್ಮ ವಾಗಣಗೇರಾ ಕೋಟಿ ನೆನಪಾಗ್ತದ. 1705ರಾಗ ಔರಂಗಜೇಬ್ ತಾನೇ ದೊಡ್ಡ ಸೈನ್ಯ ತಗೊಂಡು ಸುರಪುರದ ಪಿಡ್ಡನಾಯಕನ ಮ್ಯಾಲ ಬಂದ. ತೂಕದಾಗ ನೋಡಿದ್ರ ಜೋಡಿನೇ ಅಲ್ಲ. ಆದ್ರ ಅಷ್ಟು ದೊಡ್ಡ ಸೈನ್ಯ ಬೇಗ ಹೊಡಿಯಲ್ಲ, ಬೇಗ ತಿರುಗಲ್ಲ. ನಾಯಕ ತಡೆದಷ್ಟು ತಡೆದು, ಕೊನೀಗೆ ರಾತ್ರೋರಾತ್ರಿ ತನ್ನ ಮಂದಿ ಕರ್ಕೊಂಡು ಜಾಗ ಖಾಲಿ ಮಾಡಿದ. ಮೊಘಲರ ಕೈಗೆ ಸಿಕ್ಕಿದ್ದು ಖಾಲಿ ಕೋಟಿ. ಅದೇ ಬಾದಶಹನ ಕೊನೇ ಮುತ್ತಿಗೆ, 1707ರಾಗ ಅವ ತೀರಿಕೊಂಡ. ಕಿನ್ಶಾಸಾದಾಗ ಆದದ್ದೂ ಇಂಥದ್ದೇ.

4/5
ಬಿಕಾಂನವರೇ, ಈಗ ನಮ್ಮ ಪಾಳಿ. ಮ್ಯಾನೇಜ್‌ಮೆಂಟ್ ಪೇಪರಿಗೆ ಸ್ವಾಟ್ ಅನಾಲಿಸಿಸ್ ಬರೀತೀವಲ್ಲ? ನಾಲ್ಕು ಡಬ್ಬಿ ಗೆರಿ ಹೊಡೀತೀವಿ. ಶಕ್ತಿ ಒಂದು ಡಬ್ಬಿ, ದೌರ್ಬಲ್ಯ ಇನ್ನೊಂದು ಡಬ್ಬಿ. ನಡುವೆ ಗೋಡಿ. ಮಾರ್ಕ್ಸ್ ಬರ್ತಾವ, ಖರೇ. ಆದ್ರ ಆ ಗೋಡಿ ಸುಳ್ಳು ಅಂತ ನನಗನಸ್ತದ.

ನನ್ನದೇ ಹೇಳ್ತೀನಿ. ನನ್ನ ಶಕ್ತಿ ಬಾಯಿಪಾಠ. ಪಿಯುಸಿ ದಾಟಿದ್ದೇ ಅದರ ಮ್ಯಾಲ. ಥಿಯರಿ ಇರಲಿ, ಲೆಕ್ಕ ಇರಲಿ, ಹೆಜ್ಜಿ ಹೆಜ್ಜಿ ನೆನಪಿಟ್ಟು ಇಳಿಸಿಬಿಡ್ತಿದ್ದೆ. ಒಬ್ಬ ದೋಸ್ತ ಮೊದಲೇ ಹೇಳಿದ್ದ: "ಲೇ, ನೀ ಲೆಕ್ಕ ಮಾಡವಲ್ಲಿ. ಲೆಕ್ಕದ ಫೋಟೋ ತಲ್ಯಾಗ ಇಟ್ಕೊಂಡಿ." ನನಗ ಸಿಟ್ಟು ಬಂತು. ಎರಡು ತಿಂಗಳು ಅವನ ಜೊತಿ ಮಾತು ಬಿಟ್ಟೆ. ಯಾದಗಿರಿಯಿಂದ ಶಹಾಪುರಕ್ಕ ಒಂದೇ ಬಸ್ಸಿನಾಗ ಬರ್ತಿದ್ವಿ, ಅವ ಮುಂದಿನ ಸೀಟು, ನಾ ಹಿಂದಿನ ಸೀಟು.

ಕಾಸ್ಟ್ ಅಕೌಂಟಿಂಗ್ ಪೇಪರ್ ಬಂತು. ನಾನು ಕಲಿತದ್ದು: ಫಿಕ್ಸೆಡ್ ಕಾಸ್ಟ್ ಕೊಟ್ಟರ ಬ್ರೇಕ್ ಈವನ್ ಪಾಯಿಂಟ್ ತಗಿಯೋದು. ಅವರು ಕೊಟ್ಟಿದ್ದು ಬ್ರೇಕ್ ಈವನ್ ಪಾಯಿಂಟ್, ಕೇಳಿದ್ದು ಫಿಕ್ಸೆಡ್ ಕಾಸ್ಟ್. ಸೂತ್ರ ಒಂದೇ, ಬರೇ ತಿರುಗಿಸಿದ್ದರು. ನನ್ನ ಪೆನ್ನು ನಿಂತೇಬಿಡ್ತು. ರಿಸಲ್ಟ್ ಬಂದ ದಿನ ಅಪ್ಪಗ ಹೇಳೋಕೆ ರಾತ್ರಿ ತನಕ ಧೈರ್ಯ ಬರಲಿಲ್ಲ.

5/5
"ಹಂಗಾದ್ರ ಬಾಯಿಪಾಠ ಬಿಡಬೇಕೇನು?" ಅಂತ ಕೇಳ್ತೀರಿ. ಬ್ಯಾಡ. ಲೂಯಿಸ್ ಏನು ಮಾಡಿದ ನೋಡ್ರಿ. ಎರಡೇ ತಿಂಗಳಾಗ ಮತ್ತೆ ರಿಂಗಿಗೆ ಇಳಿದ. ಜ್ಯಾಬ್ ಬಿಡಲಿಲ್ಲ, ಹೊಡೆದ ಕೈ ವಾಪಸ್ ತರೋದು ಕಲಿತ. 1937ರಾಗ ಚಾಂಪಿಯನ್ ಆದ, ಆದ್ರ ಶ್ಮೆಲಿಂಗ್‌ನ ಸೋಲಿಸೋ ತನಕ ನನ್ನನ್ನ ಚಾಂಪಿಯನ್ ಅನಬ್ಯಾಡ್ರಿ ಅಂದ. 1938ರ ಜೂನ್ 22ಕ್ಕ ಅದೇ ಸ್ಟೇಡಿಯಂ, ಅದೇ ಶ್ಮೆಲಿಂಗ್. 2 ನಿಮಿಷ 4 ಸೆಕೆಂಡಿನಾಗ ಆಟ ಮುಗೀತು. 1949ರ ತನಕ ಬೆಲ್ಟ್ ಅವನ ಹತ್ರಾನೇ ಇತ್ತು. ಫೋರ್‌ಮನ್ ಕೂಡ 1994ರಾಗ, 45ನೇ ವಯಸ್ಸಿನಾಗ, ಒಂಬತ್ತು ರೌಂಡು ತಾಳ್ಮೆಯಿಂದ ಕಾದು 10ನೇ ರೌಂಡಿನಾಗ ಮೈಕಲ್ ಮೂರರ್‌ನ ಕೆಡವಿ ಮತ್ತೆ ಚಾಂಪಿಯನ್ ಆದ. ಪಂಚ್ ಹಳೇದೇ, ಕಾಯೋದು ಹೊಸದು.

ಇನ್ನೊಂದು ಮಾತು. ಲೂಯಿಸ್‌ನ ಎಡಗೈ ಕೆಳಗ ಇರ್ತದ ಅಂತ ಮೊದಲ ಫೈಟಿಗಿಂತ ಮುಂಚೇನೇ ಒಬ್ಬ ಹೇಳಿದ್ದ: ಹಳೇ ಚಾಂಪಿಯನ್ ಜ್ಯಾಕ್ ಜಾನ್ಸನ್. ಹೊಟ್ಟಿಕಿಚ್ಚಿಗೆ ಅಂತಾನ ಅಂದ್ಕೊಂಡು ಮಂದಿ ಬಿಟ್ಟರು. ಹೊಟ್ಟಿಕಿಚ್ಚು ಇದ್ದರೂ ಇರಲಿ, ಮಾತು ಖರೇ ಇತ್ತಲ್ಲ! ನಿಮ್ಮ ವೀಕ್ನೆಸ್ ಹೇಳೋನು ನಿಮಗ ಸಿಹಿಯಾಗಿ ಹೇಳ್ಬೇಕು ಅಂತ ಏನೂ ಇಲ್ಲ.

ಆ ದೋಸ್ತನ ಹತ್ರ ನಾನೇ ಹೋಗಿ ಮಾತಾಡಿಸಿದೆ. ಈಗ ದಿನಾ ಬಸ್ಸಿನಾಗ ಒಂದೇ ಸೀಟು. ಅವ ಉತ್ತರದ ಮ್ಯಾಲ ಅಂಗೈ ಇಟ್ಟು ಲೆಕ್ಕ ತಿರುಗಿಸಿ ಕೇಳ್ತಾನ, ನಾ ಬೈಕೋತ ಮಾಡ್ತೀನಿ. ಮುಂದಿನ ತಿಂಗಳು ಆ ಪೇಪರ್ ಮತ್ತೆ ಬರೀಬೇಕು. ಪಾಸ್ ಆದ್ರೂ ಆಗದಿದ್ರೂ ಇಲ್ಲೇ ಬಂದು ಹೇಳ್ತೀನಿ.

ಕಾಮೆಂಟಿನಾಗ ಇವತ್ತು ಬೆಂಕಿ ಇಮೋಜಿ ಬ್ಯಾಡ. ನಿಮ್ಮ ಜ್ಯಾಬ್ ಯಾವುದು, ಅದನ್ನ ಹೊಡೆದಾಗ ಎಲ್ಲಿ ಖಾಲಿ ಆಗ್ತೀರಿ, ಬರೀರಿ. ಗೊತ್ತಿಲ್ಲ ಅಂದ್ರ, ನೀವು ಮಾತು ಬಿಟ್ಟಿರೋ ದೋಸ್ತನ್ನ ಕೇಳ್ರಿ.

#ಹೆವಿವೇಟ್‌ಸರಣಿ #ಯಾದಗಿರಿ #ಶಹಾಪುರ #ಸುರಪುರ #ಬಿಕಾಂ