ಸೀಲಿನಲ್ಲಿ ಅಕ್ಟೋಬರ್ ತನಕ ಅಂತಿತ್ತು

ಕಾಲೇಜಿನ ಗೆಳೆಯನೊಬ್ಬ ಮೊನ್ನೆ ಬೆಂಗಳೂರಿನಿಂದ ಫೋನ್ ಮಾಡಿದ್ದ. ಥೈಲ್ಯಾಂಡಿಗೆ ಬಂದು ಒಂದು ವರ್ಷ ಇದ್ದು, ಇಲ್ಲಿಂದಲೇ ತನ್ನ ಅಮೆರಿಕದ ಕ್ಲೈಂಟಿಗೆ ಕೆಲಸ ಮಾಡ್ತಾನಂತೆ. ಯಾವ ವೀಸಾ, ಎಷ್ಟು ದುಡ್ಡು ತೋರಿಸ್ಬೇಕು, ಚಿಯಾಂಗ್ ಮೈ ಚೆನ್ನಾಗಿರುತ್ತಾ ಬ್ಯಾಂಕಾಕ್ ಚೆನ್ನಾಗಿರುತ್ತಾ, ಸಸ್ಯಾಹಾರ ಸಿಗುತ್ತಾ, ಮುಕ್ಕಾಲು ಗಂಟೆ ಕೇಳಿದ. ಮಧ್ಯದಲ್ಲಿ ಪ್ಲ್ಯಾನ್ ಬದಲಾದ್ರೆ ಏನ್ ಗತಿ ಅನ್ನೋದೊಂದನ್ನು ಮಾತ್ರ ಕೇಳಲಿಲ್ಲ. ಬರುವಾಗ ನಾನೂ ಕೇಳಿರಲಿಲ್ಲ. ಈ ಸಲದ ಅಂಕಣ ಅವನಿಗೇ ಅಂದ್ಕೊಳ್ಳಿ.

ನಾನು ಬ್ಯಾಂಕಾಕಿಗೆ ಬಂದಿದ್ದು 2024ರ ಜುಲೈಯಲ್ಲಿ, ಇಲ್ಲಿನ ಒಂದು ಕಂಪನಿಯ ಕೆಲಸಕ್ಕೆ. ಕೆಲಸಕ್ಕೆ ಬರುವವರಿಗೆ ಕೊಡುವ 'ನಾನ್-ಇಮಿಗ್ರಂಟ್ ಬಿ' ವೀಸಾ, ಒಂದೇ ಸಲ ಒಳಗೆ ಬರೋಕೆ, 90 ದಿನಕ್ಕೆ. ಆ 90 ದಿನದೊಳಗೆ ಕಂಪನಿಯವರು ವರ್ಕ್ ಪರ್ಮಿಟ್ ಮಾಡಿಸಿ, ಇಮಿಗ್ರೇಷನ್ ಆಫೀಸಿಗೆ ಕರೆದುಕೊಂಡು ಹೋಗಿ, ವಾಸದ ಅವಧಿಯನ್ನು ಒಂದು ವರ್ಷ ವಿಸ್ತರಿಸಿಕೊಟ್ಟರು. ಪಾಸ್‌ಪೋರ್ಟಿನಲ್ಲಿ 2025ರ ಅಕ್ಟೋಬರ್ ತನಕ ಅಂತ ಸೀಲು ಬಿತ್ತು. ಅದರ ಫೋಟೋ ತೆಗೆದು ಫ್ಯಾಮಿಲಿ ಗ್ರೂಪಿಗೆ ಹಾಕಿದೆ. ಅಪ್ಪ ಹೆಬ್ಬೆರಳು ಎತ್ತಿದರು. ಅಲ್ಲಿಗೆ ವೀಸಾ ಅನ್ನೋ ವಿಷಯ ನನ್ನ ತಲೆಯಿಂದ ಹೊರಟುಹೋಯ್ತು.

2025ರ ಫೆಬ್ರವರಿ 18, ಮಂಗಳವಾರ. ಮಧ್ಯಾಹ್ನ ಮೀಟಿಂಗಿನಲ್ಲಿದ್ದಾಗ ಶಿವಮೊಗ್ಗದಿಂದ ಅಕ್ಕನ ಮೂರು ಮಿಸ್ಡ್ ಕಾಲ್. ಅಪ್ಪನಿಗೆ ಎದೆನೋವು, ಆಸ್ಪತ್ರೆಯಲ್ಲಿದ್ದಾರೆ, ಆಂಜಿಯೋಗ್ರಾಂ ಮಾಡ್ತಿದ್ದಾರೆ. "ಭಯ ಪಡೋ ಹಾಗೇನಿಲ್ಲ ಅಂತಿದ್ದಾರೆ. ಆದ್ರೂ ನೀನು ಹೊರಟು ಬಾ ಮಾರಾಯ" ಅಂದಳು. ಆ 'ಆದ್ರೂ' ಸಾಕಾಯ್ತು. ರಾತ್ರಿಯ ಫ್ಲೈಟ್ ಬುಕ್ ಮಾಡಿ, ಸಿಕ್ಕಿದ ಬಟ್ಟೆ ತುಂಬಿಕೊಂಡು, ಆನ್ ನುಟ್‌ನ ರೂಮಿನಿಂದ ಟ್ಯಾಕ್ಸಿ ಹಿಡಿದೆ.

ಸುವರ್ಣಭೂಮಿ ವಿಮಾನ ನಿಲ್ದಾಣದಲ್ಲಿ ಹೊರಡುವವರ ಇಮಿಗ್ರೇಷನ್ ಸಾಲಿನ ಹತ್ತಿರ 'ರೀ-ಎಂಟ್ರಿ ಪರ್ಮಿಟ್' ಅಂತ ಬೋರ್ಡಿರುವ ಒಂದು ಕೌಂಟರ್ ಇದೆ. ನಾನು ಆ ಬೋರ್ಡನ್ನು ನೋಡಿದೆ. ಓದಿದೆ ಕೂಡ. ಇದ್ಯಾರಿಗೋ ಟೂರಿಸ್ಟುಗಳಿಗಿರಬೇಕು ಅಂದುಕೊಂಡು ಮುಂದೆ ಹೋದೆ.

ನನ್ನ ಹಾಗೆ ಎಷ್ಟೋ ಜನ ಬೀಳುವ ಗುಂಡಿ ಇದೇ. ಥಾಯ್ ಲೆಕ್ಕದಲ್ಲಿ ವೀಸಾ ಬೇರೆ, ಇರೋಕೆ ಕೊಟ್ಟ ಅನುಮತಿ ಬೇರೆ. ವೀಸಾ ಅಂದರೆ ಬಾಗಿಲು ತಟ್ಟುವ ಹಕ್ಕು. ಒಳಗೆ ಬಂದ ಮೇಲೆ ಸೀಲಿನಲ್ಲಿ ಬರೆದುಕೊಡುವ ತಾರೀಖು ಅನುಮತಿ. ಒಂದೇ ಎಂಟ್ರಿಯ ವೀಸಾದಲ್ಲಿ ಬಂದವರು ದೇಶ ಬಿಟ್ಟ ಕ್ಷಣಕ್ಕೆ ಆ ಅನುಮತಿ ಸತ್ತುಹೋಗುತ್ತದೆ. ಸೀಲಿನ ಪ್ರಕಾರ ಇನ್ನೂ ಎಂಟು ತಿಂಗಳು ಬಾಕಿ ಇದ್ದರೂ ಅಷ್ಟೇ. ಸಾಯದಂತೆ ಉಳಿಸಿಕೊಳ್ಳಬೇಕಾದರೆ ಹೊರಡುವ ಮುಂಚೆ ಟಿಎಂ 8 ಅನ್ನೋ ಫಾರಂ ತುಂಬಿ ರೀ-ಎಂಟ್ರಿ ಪರ್ಮಿಟ್ ತಗೋಬೇಕು. ಒಂದು ಸಲಕ್ಕೆ 1,000 ಬಾತ್, ಎಷ್ಟು ಸಲ ಬೇಕಾದರೂ ಹೋಗಿಬರೋಕೆ 3,800 ಬಾತ್. ಇಂಟರ್‌ವಲ್ಲಿನಲ್ಲಿ ಟೀ ಕುಡಿಯೋಕೆ ಥಿಯೇಟರಿನಿಂದ ಆಚೆ ಹೋಗುವವನು ಟಿಕೆಟ್ಟಿನ ಚೂರು ಜೇಬಲ್ಲಿ ಇಟ್ಕೊಳ್ತಾನಲ್ಲ, ಹಾಗೆ. ನಾನು ಚೂರನ್ನು ಕಸದ ಬುಟ್ಟಿಗೆ ಹಾಕಿ ಟೀ ಕುಡಿಯೋಕೆ ಹೋಗಿದ್ದೆ.

ಶಿವಮೊಗ್ಗದಲ್ಲಿ ಹನ್ನೆರಡು ದಿನ ಇದ್ದೆ. ಮೂರು ಕಡೆ ಬ್ಲಾಕ್, ಬೈಪಾಸ್ ಆಗಲೇಬೇಕು, ಆದರೆ ಮೊದಲು ಸಕ್ಕರೆ ಹಿಡಿತಕ್ಕೆ ಬರಬೇಕು ಅಂದರು. ಆಪರೇಷನ್ ಬೆಂಗಳೂರಿನಲ್ಲಿ, ತಿಂಗಳು ಬಿಟ್ಟು. ಅಪ್ಪನನ್ನು ಮನೆಗೆ ಕರೆತಂದು, ಮಾತ್ರೆಗಳ ಪಟ್ಟಿ ಫ್ರಿಜ್ ಬಾಗಿಲಿಗೆ ಅಂಟಿಸಿ, ಮಾರ್ಚ್ 2ರ ಭಾನುವಾರ ವಾಪಸ್ ಬಂದಿಳಿದೆ.

ಕೌಂಟರಿನ ಅಧಿಕಾರಿ ಪಾಸ್‌ಪೋರ್ಟಿನ ಪುಟಗಳನ್ನು ಹಿಂದೆ ಮುಂದೆ ಎರಡು ಸಲ ತಿರುವಿದ. "ರೀ-ಎಂಟ್ರಿ?" ಅಂದ. ನಾನು ಅಕ್ಟೋಬರಿನ ಸೀಲು ತೋರಿಸಿದೆ. ಅವನು ತಲೆ ಅಲ್ಲಾಡಿಸಿದ. ಕೋಪ ಇರಲಿಲ್ಲ, ಪಾಪ ಅನ್ನೋ ಮುಖ ಇತ್ತು. ಹೊಸದೊಂದು ಸೀಲು ಒತ್ತಿ ಕೊಟ್ಟ. ಆಗ ಭಾರತೀಯರಿಗೆ ವೀಸಾ ಇಲ್ಲದೆ 60 ದಿನ ಇರೋಕೆ ಬಿಡುತ್ತಿದ್ದರು, ಅದರ ಸೀಲು. ಏಪ್ರಿಲ್ 30. ಬ್ಯಾಗೇಜ್ ಬೆಲ್ಟಿನ ಪಕ್ಕ ನಿಂತು ಆ ತಾರೀಖನ್ನು ಓದುವಾಗಲೂ ನನಗೆ ಪೂರ್ತಿ ಅರ್ಥ ಆಗಿರಲಿಲ್ಲ. ನನ್ನ ಬ್ಯಾಗು ಎರಡು ಸುತ್ತು ಹಾಕಿತು.

ಪೂರ್ತಿ ಅರ್ಥ ಮಾಡಿಸಿದವರು ಮಾರನೇ ದಿನ ನಮ್ಮ ಎಚ್‌ಆರ್. ಅವರನ್ನು ನಾವೆಲ್ಲ 'ಪೀ' ಅಂತಲೇ ಕರೆಯೋದು. ಥಾಯ್‌ನಲ್ಲಿ ವಯಸ್ಸಿನಲ್ಲಿ ದೊಡ್ಡವರಿಗೆ, ಅಕ್ಕ ಅಣ್ಣ ಅನ್ನೋ ಹಾಗೆ. ಪಾಸ್‌ಪೋರ್ಟ್ ನೋಡಿ "ಓಯ್" ಅಂದು ಬಾಯಿ ಮೇಲೆ ಕೈ ಇಟ್ಟುಕೊಂಡರು. ಆಮೇಲೆ ನಾನು ಸೇರಿದ ದಿನ ಕಳಿಸಿದ್ದ ಮೇಲ್ ತೆಗೆದು ತೋರಿಸಿದರು. ಏಳನೇ ಸಾಲಿನಲ್ಲಿತ್ತು: ದೇಶ ಬಿಡುವ ಮುಂಚೆ ರೀ-ಎಂಟ್ರಿ ಪರ್ಮಿಟ್ ಕಡ್ಡಾಯ. ದಪ್ಪ ಅಕ್ಷರದಲ್ಲಿ. ದಿನವಿಡೀ ಬೇರೆಯವರ ಕೋಡಿನಲ್ಲಿ ತಪ್ಪು ಹುಡುಕುವ ನಾನು ಆ ಮೇಲನ್ನು ಮೂರನೇ ಸಾಲಿಗೇ ಮುಚ್ಚಿದ್ದೆ.

ಇರುವ ಅನುಮತಿ ಹೋದರೆ ಅದರ ಮೇಲೆ ನಿಂತಿರುವ ವರ್ಕ್ ಪರ್ಮಿಟ್ಟೂ ಹೋದ ಹಾಗೆ. ಅಂದರೆ ಅವತ್ತಿನಿಂದ ಆಫೀಸಿನಲ್ಲಿ ಕೂತು ಒಂದು ಸಾಲು ಬರೆದರೂ ಕಾನೂನು ಪ್ರಕಾರ ತಪ್ಪು. ಲ್ಯಾಪ್‌ಟಾಪ್ ವಾಪಸ್ ಕೊಟ್ಟೆ. ಸಂಬಳ ನಿಂತಿತು.

ಸರಿಮಾಡೋಕೆ ಎರಡು ದಾರಿ ಇತ್ತು. ಒಂದು, ದೇಶದೊಳಗೇ ಇದ್ದು ಟಿಎಂ 87 ಅನ್ನೋ ಅರ್ಜಿ ಹಾಕಿ, 2,000 ಬಾತ್ ಕಟ್ಟಿ, ವೀಸಾ ಇಲ್ಲದೆ ಬಂದವನ ಸ್ಥಿತಿಯಿಂದ ಮತ್ತೆ 'ಬಿ'ಗೆ ಬದಲಾಯಿಸಿಕೊಳ್ಳೋದು. ಅರ್ಜಿ ಹಾಕುವ ದಿನಕ್ಕೆ ಕನಿಷ್ಠ 15 ದಿನ ಅವಧಿ ಉಳಿದಿರಬೇಕು. ಏಪ್ರಿಲ್ 13ರಿಂದ 15ರ ತನಕ ಸಾಂಗ್‌ಕ್ರಾನ್ ಹಬ್ಬ, ಊರಿಗೂರೇ ನೀರಾಟದಲ್ಲಿರುತ್ತೆ, ಕಚೇರಿಗಳೆಲ್ಲ ಮುಚ್ಚಿರುತ್ತವೆ. ಹಾಗಾಗಿ ಮಾರ್ಚಿನಲ್ಲೇ ಮುಗಿಸಬೇಕು ಅಂದರು ಪೀ. ಇನ್ನೊಂದು ದಾರಿ, ಭಾರತಕ್ಕೆ ಹೋಗಿ ಮೊದಲಿನಿಂದ ಹೊಸ ವೀಸಾ ತಗೊಂಡು ಬರೋದು. ಮೊದಲನೆಯದೇ ಸುಲಭ, ಟಿಕೆಟ್ ಖರ್ಚಿಲ್ಲ, ಬೇಗ ಆಗುತ್ತೆ. ಷರತ್ತು ಒಂದೇ: ಅರ್ಜಿ ವಿಚಾರಣೆಯಲ್ಲಿರುವಾಗ ದೇಶ ಬಿಡುವ ಹಾಗಿಲ್ಲ. ಬಿಟ್ಟರೆ ಅದೂ ಖತಂ.

ಕಾಗದಪತ್ರ ಜೋಡಿಸುತ್ತಿರುವಾಗ ಅಕ್ಕನ ಫೋನ್ ಬಂತು. ಆಪರೇಷನ್ ಮಾರ್ಚ್ 26ಕ್ಕೆ ನಿಕ್ಕಿ.

ಎಂಜಿನಿಯರ್ ಏನ್ ಮಾಡ್ತಾನೆ? ಎಕ್ಸೆಲ್ ಶೀಟ್ ತೆಗೀತಾನೆ. ಒಂದು ಕಾಲಮ್ಮಿನಲ್ಲಿ 'ಇರೋದು', ಇನ್ನೊಂದರಲ್ಲಿ 'ಹೋಗೋದು'. ರೂಮಿನ ಬಾಡಿಗೆ ತಿಂಗಳಿಗೆ 14,000 ಬಾತ್, ಎರಡು ತಿಂಗಳ ಡಿಪಾಸಿಟ್ಟು ಓನರ್ ಹತ್ತಿರ, ನಿಂತ ಸಂಬಳ, ಆಪರೇಷನ್ ಖರ್ಚಿನಲ್ಲಿ ನನ್ನ ಪಾಲು, ಜಾಗ ಎಷ್ಟು ದಿನ ಕಾಯ್ದಿಡ್ತಾರೋ ಗೊತ್ತಿಲ್ಲದ ಕಂಪನಿ. ಲೆಕ್ಕ ಸ್ಪಷ್ಟವಾಗಿ 'ಇರೋದು' ಅಂತ ಹೇಳ್ತಿತ್ತು. ಅಪ್ಪನೂ ಅದನ್ನೇ ಹೇಳಿದರು. "ನೀ ಬಂದು ಆಪರೇಷನ್ ಥಿಯೇಟರ್ ಒಳಗೆ ಏನ್ ಮಾಡ್ತೀಯಾ? ಮೊದಲು ಆ ಸೀಲು ಹಾಕಿಸ್ಕೊ. ನಿನ್ನ ಭಾವ ಇದ್ದಾರೆ, ಅಕ್ಕ ಇದ್ದಾಳೆ."

ಹತ್ತು ನಿಮಿಷ ಬಿಟ್ಟು ಅಕ್ಕನ ಮೆಸೇಜ್ ಬಂತು. "ಅವರು ಹಾಗೇ ಹೇಳ್ತಾರೆ. ಫೋನ್ ಇಟ್ಟ ಮೇಲೆ, ಅವನಿಗೆ ರಜೆ ಸಿಗಲ್ವೇನೋ ಅಂತ ಎರಡು ಸಲ ಕೇಳಿದ್ರು."

ಶೀಟ್ ಮುಚ್ಚಿದೆ. ಪೀ ಹತ್ತಿರ ಹೋಗಿ ಟಿಎಂ 87 ಬೇಡ, ನಾನು ಊರಿಗೆ ಹೋಗ್ತೀನಿ ಅಂದೆ. ಅವರು ವಾದ ಮಾಡಲಿಲ್ಲ. ಕಂಪನಿಯಿಂದ ಕಾರ್ಮಿಕ ಇಲಾಖೆಗೆ ಅರ್ಜಿ ಹಾಕಿ, ಇವನನ್ನು ಕೆಲಸಕ್ಕೆ ತಗೊಳ್ಳೋಕೆ ಅಡ್ಡಿಯಿಲ್ಲ ಅನ್ನೋ ಮುಂಗಡ ಒಪ್ಪಿಗೆ ಪತ್ರ ತರಿಸೋ ಕೆಲಸ ಶುರು ಮಾಡಿದರು. ಮ್ಯಾನೇಜರ್ ಮೇ ಕೊನೆ ತನಕ ಜಾಗ ಇಟ್ಟಿರ್ತೀನಿ, ಅದರಾಚೆ ನನ್ನ ಕೈಲಿಲ್ಲ ಅಂದ. ನೇರವಾಗಿ ಹೇಳಿದ್ದಕ್ಕೆ ಅವನ ಮೇಲೆ ಗೌರವವೇ ಇದೆ. ಮಾರ್ಚ್ 22ಕ್ಕೆ ಹೊರಟೆ. ಅದೇ ರೀ-ಎಂಟ್ರಿ ಕೌಂಟರಿನ ಮುಂದೆ ಹಾದುಹೋದೆ. ಈ ಸಲ ಉಳಿಸಿಕೊಳ್ಳೋಕೆ ಏನೂ ಇರಲಿಲ್ಲ.

ಆಪರೇಷನ್ ಐದು ಗಂಟೆ ಹಿಡಿಯಿತು. ಅದರ ಬಗ್ಗೆ ಇನ್ನೊಮ್ಮೆ ಬರೆಯುತ್ತೇನೆ, ಅಥವಾ ಬರೆಯುವುದಿಲ್ಲ. ಅಪ್ಪ ಐಸಿಯುನಿಂದ ಹೊರಬಂದ ದಿನ ಕೇಳಿದ ಮೊದಲ ಮಾತು "ಕಾಫಿ ಕೊಡ್ತಾರಾ?" ಅಂತ.

ವೀಸಾ ಅರ್ಜಿಯನ್ನು ತುಂಬಿದ್ದು ಆಸ್ಪತ್ರೆಯ ಕ್ಯಾಂಟೀನಿನಲ್ಲಿ ಕೂತು. 2025ರ ಜನವರಿಯಿಂದ ಥಾಯ್ ವೀಸಾ ಅರ್ಜಿ ಎಲ್ಲ ಆನ್‌ಲೈನ್. ಆದರೆ ಯಾವ ದೇಶದ ರಾಯಭಾರ ಕಚೇರಿಗೆ ಹಾಕ್ತೀರೋ ಆ ದೇಶದಲ್ಲೇ ಇದ್ದು ಹಾಕಬೇಕು. ಕಂಪನಿಯ ಕಾಗದಗಳು, ಒಪ್ಪಿಗೆ ಪತ್ರ, ಡಿಗ್ರಿ ಸರ್ಟಿಫಿಕೇಟ್ ಎಲ್ಲ ಏರಿಸಿದೆ. ಒಂದು ವಾರ ಬಿಟ್ಟು ಇನ್ನೂ ಎರಡು ಕಾಗದ ಬೇಕು ಅಂತ ವಾಪಸ್ ಬಂತು. ಅವು ಬ್ಯಾಂಕಾಕಿನಿಂದ ಬರಬೇಕು, ಅಲ್ಲಿ ಅಷ್ಟೊತ್ತಿಗೆ ಸಾಂಗ್‌ಕ್ರಾನ್. ನೀರಾಟ ಮುಗಿಯೋ ತನಕ ಕಾದೆ. ಕೊನೆಗೆ ಮೇ 11ಕ್ಕೆ ಇಲ್ಲಿಗೆ ಬಂದಿಳಿದೆ. ಮೇ 1ರಿಂದ ಹೊಸದಾಗಿ ಡಿಜಿಟಲ್ ಅರೈವಲ್ ಕಾರ್ಡ್ ಶುರುವಾಗಿತ್ತು. ಬರುವ ಮೂರು ದಿನದೊಳಗೆ ಆನ್‌ಲೈನಿನಲ್ಲಿ ತುಂಬಬೇಕು, ಅದಕ್ಕೆ ದುಡ್ಡಿಲ್ಲ (ದುಡ್ಡು ಕೇಳುವ ಸೈಟ್ ಕಂಡರೆ ಅದು ಸರ್ಕಾರದ್ದಲ್ಲ ಅಂತ ತಿಳ್ಕೊಳ್ಳಿ). ಮತ್ತೆ 90 ದಿನ, ಮತ್ತೆ ಹೊಸ ವರ್ಕ್ ಪರ್ಮಿಟ್. ಒಟ್ಟು ಹನ್ನೊಂದು ವಾರ ಸಂಬಳ ಇಲ್ಲ. ಬಿಟ್ಟುಹೋದ ಪರ್ಮಿಟ್ಟಿನ ಬೆಲೆ 1,000 ಬಾತ್, ನಾನು ಕಳೆದುಕೊಂಡಿದ್ದು ಅದರ ಎಷ್ಟು ಪಟ್ಟು ಅಂತ ಲೆಕ್ಕ ಹಾಕೋದನ್ನು ಬಿಟ್ಟಿದ್ದೀನಿ.

ಈಗ ಗೆಳೆಯನ ವಿಷಯಕ್ಕೆ. ಅವನು ನೋಡುತ್ತಿರುವುದು ಡಿಟಿವಿ, ಅಂದರೆ ಡೆಸ್ಟಿನೇಷನ್ ಥೈಲ್ಯಾಂಡ್ ವೀಸಾ. 2024ರ ಜುಲೈಯಲ್ಲಿ ಶುರುವಾಗಿದ್ದು. ಐದು ವರ್ಷದ ವೀಸಾ, ಪ್ರತಿ ಸಲ ಬಂದಾಗ 180 ದಿನ, ಖಾತೆಯಲ್ಲಿ 5 ಲಕ್ಷ ಬಾತ್ ತೋರಿಸಬೇಕು. ನನಗೆ ಆದ ಗತಿ ಅವನಿಗೆ ಆಗೋದಿಲ್ಲ, ಯಾಕಂದ್ರೆ ಅದು ಎಷ್ಟು ಸಲ ಬೇಕಾದರೂ ಒಳಬರುವ ವೀಸಾ. ಅಮ್ಮನಿಗೆ ಹುಷಾರಿಲ್ಲ ಅಂದರೆ ನಾಳೆಯೇ ಹೋಗಬಹುದು, ಬಂದಾಗ ಹೊಸ 180 ದಿನ. ಆದರೆ ಅವನ ಪ್ಲ್ಯಾನ್ ಬೇರೆ ಕಡೆಯಿಂದ ಬದಲಾಗಬಹುದು. ಇಲ್ಲಿನ ಕಂಪನಿಯೊಂದು ಒಳ್ಳೆ ಕೆಲಸ ಕೊಡ್ತೀನಿ ಅಂದರೆ ಡಿಟಿವಿಯಲ್ಲಿ ಇದ್ದುಕೊಂಡು ಸೇರುವ ಹಾಗಿಲ್ಲ. ಇದ್ದಿದ್ದು ಇರಲಿ ಅಂತ ಒಂದು ಕ್ಯಾಲೆಂಡರ್ ವರ್ಷದಲ್ಲಿ 180 ದಿನ ಇಲ್ಲೇ ಉಳಿದರೆ ತೆರಿಗೆ ಲೆಕ್ಕದಲ್ಲಿ ಇಲ್ಲಿಯ ನಿವಾಸಿ. 2024ರಿಂದ, ಹೊರದೇಶದಲ್ಲಿ ಗಳಿಸಿ ಇಲ್ಲಿಗೆ ತಂದ ದುಡ್ಡಿಗೂ ತೆರಿಗೆ ಕೇಳಬಹುದು. ಈ ಒಂದು ವಿಷಯಕ್ಕೆ ಸಿಎ ಹತ್ತಿರ ಹೋಗಿ ಬಾ ಅಂತ ಹೇಳಿದ್ದೀನಿ.

ನನ್ನ ಹಾಗೆ ಕೆಲಸದ ವೀಸಾದಲ್ಲಿ ಬರುವವರು ಇನ್ನೊಂದನ್ನು ನೆನಪಿಡಬೇಕು. ಕೆಲಸ ಹೋದ ದಿನವೇ ಇರುವ ಅನುಮತಿಯೂ ಮುಗಿಯುತ್ತದೆ. ಇಮಿಗ್ರೇಷನ್‌ಗೆ ಹೋಗಿ 1,900 ಬಾತ್ ಕಟ್ಟಿ ಕೇಳಿದರೆ ಗಂಟುಮೂಟೆ ಕಟ್ಟೋಕೆ ಏಳು ದಿನ ಸಿಗುತ್ತೆ. ನೋಟಿಸ್ ಪೀರಿಯಡ್ ಇರುವಾಗಲೇ ಮುಂದಿನ ದಾರಿ ನೋಡ್ಕೊಳ್ಳಿ. ಏನಾದರೂ ಆಗಲಿ ಅಂತ ಅವಧಿ ಮೀರಿ ಕೂರೋದು ಮಾತ್ರ ಬೇಡ. ದಿನಕ್ಕೆ 500 ಬಾತ್ ದಂಡ, 20,000ಕ್ಕೆ ನಿಲ್ಲುತ್ತೆ ನಿಜ, ಆದರೆ ದಾರಿಯಲ್ಲಿ ಪೊಲೀಸರ ಕೈಗೆ ಸಿಕ್ಕಿಬಿದ್ದರೆ ಐದು ವರ್ಷ ಈ ದೇಶದ ಮುಖ ನೋಡೋ ಹಾಗಿಲ್ಲ. ಇಲ್ಲಿ ನಿಯಮಗಳು ಬದಲಾಗುತ್ತಲೇ ಇರುತ್ತವೆ. ಭಾರತೀಯರಿಗೆ ವೀಸಾ ಇಲ್ಲದೆ ಮೊದಲು 30 ದಿನ ಕೊಟ್ಟರು, ಆಮೇಲೆ 60 ಮಾಡಿದರು. ಹೊರಡುವ ವಾರ ರಾಯಭಾರ ಕಚೇರಿಯ ಪುಟ ನೋಡಿಯೇ ಹೊರಡಿ, ನನ್ನ ಅಂಕಣ ನಂಬಿಕೊಂಡು ಅಲ್ಲ.

ಆಗಸ್ಟಿನಲ್ಲಿ ಚೇಂಗ್ ವತ್ತನದ ಸರ್ಕಾರಿ ಸಂಕೀರ್ಣದಲ್ಲಿ ಮತ್ತೆ ಒಂದು ವರ್ಷದ ವಿಸ್ತರಣೆ ಸಿಕ್ಕಿತು. ಪೀ ಏನೂ ಹೇಳುವ ಮುಂಚೆಯೇ ನಾನು ಟಿಎಂ 8 ತುಂಬಿಟ್ಟುಕೊಂಡಿದ್ದೆ. 3,800 ಬಾತಿನದ್ದು. ರಸೀದಿಯಲ್ಲಿ ಬೌದ್ಧ ವರ್ಷ 2568 ಅಂತಿತ್ತು. ಎರಡೂ ಸೀಲಿನ ಫೋಟೋ ಫ್ಯಾಮಿಲಿ ಗ್ರೂಪಿಗೆ ಹಾಕಿದೆ. ಈ ಸಲ ಅಪ್ಪ ಹೆಬ್ಬೆರಳು ಎತ್ತಲಿಲ್ಲ, ಫೋನೇ ಮಾಡಿದರು.

"ಇದೇನಾ ಆ ಸಾವಿರದ್ದು?"

"ಇಲ್ಲ ಅಪ್ಪ, ಇದು ಮೂರು ಸಾವಿರದ ಎಂಟುನೂರರದ್ದು."

"ಇದ್ರಲ್ಲಿ ಎಷ್ಟು ಸಲ ಬರಬಹುದು?"

"ಎಷ್ಟು ಸಲ ಬೇಕಾದ್ರೂ."

"ಹಾಗಾದ್ರೆ ದೀಪಾವಳಿಗೆ ಟಿಕೆಟ್ ಮಾಡ್ಸು. ಈಗ್ಲೇ ಮಾಡಿದ್ರೆ ಕಡಿಮೆಗೆ ಸಿಗುತ್ತೆ."