ಎಲೆಯಡಕೆಯ ಲೆಕ್ಕ

ಸಂತೆಯಲ್ಲಿ ಹತ್ತು ರೂಪಾಯಿಯ ನೋಟೊಂದನ್ನಿತ್ತು ಎಲೆಯಡಕೆ ಕೊಂಡವನು ಯಾರು, ಯಾವೂರಿನವನು, ನಿನ್ನೆ ಏನನ್ನು ಕೊಂಡಿದ್ದನು ಎಂಬುದನ್ನು ಆ ನೋಟು ಯಾರಿಗೂ ಹೇಳುವುದಿಲ್ಲ; ಹೇಳದಿರುವ ಈ ಗುಣವನ್ನು ನಾವು ಗುಣವೆಂದು ಎಣಿಸಿದವರೇ ಅಲ್ಲ, ಏಕೆಂದರೆ ಅದು ಬೇಡದೆಯೇ ನಮಗೆ ದೊರೆತಿದ್ದಿತು. ಅದರ ಬೆಲೆ ತಿಳಿದುದು 2025ರ ಜುಲೈ ತಿಂಗಳಿನಲ್ಲಿ, ಯುಪಿಐ ಮೂಲಕ ಬಂದ ಹಣವನ್ನು ಕೂಡಿಸಿ ನೋಡಿ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆಯು ಸಣ್ಣ ವರ್ತಕರಿಗೆ ನೋಟೀಸು ಕಳುಹಿಸಿದಾಗ. ಬೆಂಗಳೂರಿನ ಎಷ್ಟೋ ಅಂಗಡಿಗಳಲ್ಲಿ ಕ್ಯೂಆರ್ ಕೋಡಿನ ಚೀಟಿ ಮಾಯವಾಗಿ ‘ನಗದು ಮಾತ್ರ’ವೆಂಬ ಬರಹ ತೂಗಿತು. ತೆರಿಗೆಗಳ್ಳತನ ಸಾಧುವೆಂದು ನಾನು ವಾದಿಸುತ್ತಿಲ್ಲ. ತೆರಿಗೆಯೇ ಇಲ್ಲದ ಹಾಲು ತರಕಾರಿಗಳ ಮಾರಾಟವೂ ಆ ಮೊತ್ತದಲ್ಲಿ ಸೇರಿಹೋಗಿದ್ದಿತೆಂಬುದನ್ನು ಮಾತ್ರ ನೆನಪಿಸುತ್ತಿದ್ದೇನೆ.

ಇಂತಹ ಕಣ್ಣಿಗೆ ಬೆದರಿದವರು ಕ್ರಿಪ್ಟೋ ನಾಣ್ಯಕ್ಕೆ ಶರಣು ಹೋಗುವುದುಂಟು. ಅಲ್ಲಿ ಹೆಸರಿಲ್ಲವೆಂಬುದು ದಿಟ. ಆದರೆ ಮರೆಯೂ ಇಲ್ಲ. 2009ರ ಜನವರಿ 3ರಂದು ತೆರೆದ ಬಿಟ್‌ಕಾಯಿನ್ನಿನ ಲೆಕ್ಕದ ಪುಸ್ತಕ ಇಂದಿಗೂ ಮುಚ್ಚಿಲ್ಲ. ಯಾವ ವಿಳಾಸದಿಂದ ಯಾವ ವಿಳಾಸಕ್ಕೆ ಎಷ್ಟು ಹೋಯಿತೆಂಬುದನ್ನು ಯಾವನಾದರೂ ಓದಬಲ್ಲನು, ಅಳಿಸಲಾರನು. 2023ರ ಮಾರ್ಚ್ ತಿಂಗಳಿನಿಂದ ನಮ್ಮ ದೇಶದ ಕ್ರಿಪ್ಟೋ ವಿನಿಮಯ ಕೇಂದ್ರಗಳೂ ಅಕ್ರಮ ಹಣ ವರ್ಗಾವಣೆ ತಡೆ ಕಾಯ್ದೆಗೆ ಒಳಪಟ್ಟು ಗಿರಾಕಿಗಳ ಗುರುತನ್ನು ಬರೆದಿಡಬೇಕಾಗಿರುವುದರಿಂದ, ಆ ವಿಳಾಸಕ್ಕೆ ಒಂದು ದಿನ ಹೆಸರು ಅಂಟಿತೆಂದರೆ ಹಿಂದಿನ ವ್ಯವಹಾರವೆಲ್ಲ ಒಮ್ಮೆಗೇ ಬಯಲಾಗುವುದು. 2016ರಲ್ಲಿ ಬಿಟ್‌ಫಿನೆಕ್ಸ್ ಎಂಬ ವಿನಿಮಯ ಕೇಂದ್ರದಿಂದ ಸುಮಾರು 1,20,000 ನಾಣ್ಯಗಳನ್ನು ಕದ್ದವನು ಅವನ್ನು ಲೆಕ್ಕವಿಲ್ಲದಷ್ಟು ಕವಲುಗಳಲ್ಲಿ ಹರಿಯಬಿಟ್ಟರೂ, ಅಮೆರಿಕದ ತನಿಖೆಗಾರರು ಆ ಬಯಲ ಪುಸ್ತಕದ ಜಾಡು ಹಿಡಿದು ಹೋಗಿ 2022ರಲ್ಲಿ 94,000ಕ್ಕೂ ಮಿಕ್ಕ ನಾಣ್ಯಗಳನ್ನು ವಶಪಡಿಸಿಕೊಂಡರು. ಕಳ್ಳನಿಗೇ ಒದಗದ ಮರೆ ಸಾಧುವಿಗೆ ಒದಗೀತೆಂಬ ನಂಬಿಕೆ ಎಲ್ಲಿಯದೋ! ಮೊನೆರೊದಂತಹ ನಾಣ್ಯಗಳೇನೋ ನಿಜವಾಗಿಯೇ ಮುಸುಕು ಹಾಕುತ್ತವೆ. ಆದರೆ ಅವನ್ನು ಕೊಟ್ಟು ಎಲೆಯಡಕೆ ತರುವ ಸಂತೆ ನಮ್ಮಲ್ಲಿಲ್ಲ.

ಬ್ಯಾಂಕಿನ ರೀತಿ ಬೇರೆ. ಅದು ನಮ್ಮನ್ನು ಬಲ್ಲದು, ಆದರೆ ಬಾಯಿಬಿಡದಿರಲು ಬದ್ಧವಾಗಿದೆ. 1906ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಕೆನರಾ ಬ್ಯಾಂಕು ಪಕ್ಷಗಾರವಾಗಿದ್ದ ಮೊಕದ್ದಮೆಯೊಂದರಲ್ಲಿ, ಗಿರಾಕಿಯ ಕಾಗದಪತ್ರಗಳು ಬ್ಯಾಂಕಿನ ಕೈಸೇರಿದ ಮಾತ್ರಕ್ಕೆ ಅವುಗಳ ಗೌಪ್ಯ ಅಳಿಯುವುದಿಲ್ಲವೆಂದು ಸರ್ವೋಚ್ಚ ನ್ಯಾಯಾಲಯ 2004ರಲ್ಲಿ ಸಾರಿತು. ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರ ಅರ್ಜಿಯ ಮೇಲೆ 2017ರಲ್ಲಿ ಒಂಬತ್ತು ನ್ಯಾಯಮೂರ್ತಿಗಳ ಪೀಠವು ಖಾಸಗಿತನವನ್ನು ಮೂಲಭೂತ ಹಕ್ಕೆಂದಿತು. ಈ ಬೇಲಿಯಲ್ಲಿ ಕಂಡಿಗಳಿಲ್ಲವೆಂದಲ್ಲ. ಆದರೆ ಬೇಲಿ ಮುರಿದವನನ್ನು ಕಟಕಟೆಗೆ ಎಳೆಯಬಹುದು, ಕ್ರಿಪ್ಟೋ ನಾಣ್ಯವನ್ನು ನಡೆಸುವ ಗಣಿತದ ಸೂತ್ರವನ್ನು ಎಳೆಯುವುದೆಲ್ಲಿಗೆ?

ಆದರೂ ಸಣ್ಣ ಪುಟ್ಟ ವ್ಯವಹಾರಕ್ಕೆ, ಬಾಯಿಬಿಡದ ಸಾಕ್ಷಿಗಿಂತ ಸಾಕ್ಷಿಯೇ ಇಲ್ಲದಿರುವುದು ಲೇಸು. ಡಿಜಿಟಲ್ ರೂಪಾಯಿಯನ್ನು ಕುರಿತು 2022ರ ಅಕ್ಟೋಬರ್ ತಿಂಗಳಿನಲ್ಲಿ ಹೊರಡಿಸಿದ ಟಿಪ್ಪಣಿಯಲ್ಲಿ ರಿಸರ್ವ್ ಬ್ಯಾಂಕು, ಅಲ್ಪಮೊತ್ತದ ಪಾವತಿಗಳಿಗೆ ನಗದಿಗಿರುವಂತಹ ಅನಾಮಧೇಯತೆ ಅಪೇಕ್ಷಣೀಯವಾದೀತೆಂದು ತಾನೇ ಒಪ್ಪಿಕೊಂಡಿದೆ. ಆ ಅಲ್ಪವೆಂದರೆ ಎಷ್ಟು ರೂಪಾಯಿ ಎಂಬುದನ್ನು ಇಂದು ಬಂದು ನಾಳೆ ಬದಲಾಗುವ ಸುತ್ತೋಲೆಗೆ ಬಿಡದೆ, ಸಂಸತ್ತು ಶಾಸನದಲ್ಲಿಯೇ ಬರೆಯತಕ್ಕದ್ದು. ಎಲೆಯಡಕೆಯಷ್ಟಾದರೂ ಅದರೊಳಗೆ ಬರಲಿ.