ಛಾಪಾಕಾಗದವೂ ಕೂಸಿನ ಹಕ್ಕೂ

ಮದುವೆಯಾಗದ ಹುಡುಗಿ ಬಸಿರಾದಳೆಂದರೆ ನಮ್ಮ ಸೇಡಂ, ಚಿತ್ತಾಪುರ, ಚಿಂಚೋಳಿ ಕಡೆಯ ಹಳ್ಳಿಗಳಲ್ಲಿ ಆಮೇಲೆ ನಡೆಯುವುದೇನೆಂದು ಓದುಗರಿಗೆ ಹೇಳಿಕೊಡಬೇಕಾದ್ದಿಲ್ಲ. ಹಿರಿಯರು ಕೂಡುತ್ತಾರೆ. ಹುಡುಗನ ಕಡೆಯಿಂದ ಒಂದು ಮೊತ್ತ ನಿಗದಿಯಾಗುತ್ತದೆ. ಇನ್ನು ಮುಂದೆ ಯಾವ ಹಕ್ಕನ್ನೂ ಕೇಳತಕ್ಕದ್ದಲ್ಲವೆಂದು ಛಾಪಾಕಾಗದದ ಮೇಲೆ ಬರೆಸಿ ಹುಡುಗಿಯ ಹೆಬ್ಬೆಟ್ಟು ಒತ್ತಿಸುತ್ತಾರೆ. ಹುಡುಗ ಮುಂಬಯಿಗೋ ಹೈದರಾಬಾದಿಗೋ ದುಡಿಯಲು ಹೋಗುತ್ತಾನೆ. ಊರ ಮರ್ಯಾದೆ ಉಳಿಯಿತೆಂದು ಎಲ್ಲರೂ ಎದ್ದು ಹೋಗುತ್ತಾರೆ. ಹುಟ್ಟಲಿರುವ ಕೂಸನ್ನು ಮಾತ್ರ ಆ ಕೂಟದಲ್ಲಿ ಯಾರೂ ಲೆಕ್ಕಕ್ಕೆ ಹಿಡಿದಿರುವುದಿಲ್ಲ.

ಕೂಸಿನ ಮಟ್ಟಿಗೆ ಆ ಕಾಗದಕ್ಕೆ ಮೂರು ಕಾಸಿನ ಬೆಲೆಯಿಲ್ಲ. ತಂದೆಯಿಂದ ಅನ್ನಬಟ್ಟೆ ಪಡೆಯುವ ಹಕ್ಕು ಮಗುವಿನದು. ಅದನ್ನು ಬಿಟ್ಟುಕೊಡುವ ಅಧಿಕಾರ ತಾಯಿಗೂ ಇಲ್ಲ, ಪಂಚರಿಗಂತೂ ಮೊದಲೇ ಇಲ್ಲ. ಪಂಚಾಯಿತಿಗೆ ಕೂಡುವವರಲ್ಲಿ ನಮ್ಮ ವ್ಯಾಪಾರಿ ಓದುಗರೂ ಅನೇಕರಿದ್ದಾರೆ. ನಿಮಗೆ ಬರಬೇಕಾದ ಬಾಕಿಯನ್ನು ಬೇರೆ ಇಬ್ಬರು ಕೂಡಿ ಮಾಫಿ ಮಾಡಿದರೆ ನಿಮ್ಮ ಖಾತೆಪುಸ್ತಕದಲ್ಲಿ ಅದನ್ನು ಹೊಡೆದುಹಾಕುತ್ತೀರಾ?

ಮದುವೆಯ ಹೊರಗೆ ಹುಟ್ಟಿದ ಮಗುವಿಗೂ ತಂದೆ ಜೀವನಾಂಶ ಕೊಡಬೇಕೆಂದು ಬ್ರಿಟಿಷರ 1898ರ ದಂಡ ಪ್ರಕ್ರಿಯಾ ಸಂಹಿತೆಯೇ ಹೇಳಿತ್ತು. 1973ರ ಸಂಹಿತೆಯ 125ನೆಯ ಕಲಮು ಅದನ್ನು ಮುಂದುವರಿಸಿತು; 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೆಯ ಕಲಮಿನಲ್ಲೂ ಅದೇ ಇದೆ. ಹಿಂದು, ಮುಸಲ್ಮಾನ ಎಂಬ ಭೇದ ಇಲ್ಲಿಲ್ಲ. ತಿಂಗಳಿಗೆ 500 ರೂಪಾಯಿ ಮೀರಬಾರದೆಂಬ ನಗೆಪಾಟಲಿನ ಮಿತಿ 2001ರಲ್ಲಿ ಹೋಯಿತು. ಆಜ್ಞೆಯಾದ ಮೇಲೂ ಕೊಡದವನನ್ನು ಮ್ಯಾಜಿಸ್ಟ್ರೇಟರು ಜೈಲಿಗೆ ಕಳಿಸಬಹುದು.

ದುಡ್ಡು ಕೇಳಿದರೆ ಕೂಸನ್ನೇ ಕಿತ್ತುಕೊಳ್ಳುತ್ತೇವೆಂದು ಬೆದರಿಸುವವರೂ ಇದ್ದಾರೆ. ಇಂಥ ಮಗುವಿಗೆ ಮೊದಲು ತಾಯಿಯೇ ಪೋಷಕಳು, ಆಕೆಯ ನಂತರ ತಂದೆ ಎಂದು 1956ರ ಹಿಂದೂ ಪೋಷಕತ್ವ ಕಾಯಿದೆ ಬರೆದಿಟ್ಟಿದೆ. ಅವಿವಾಹಿತ ತಾಯಿ ಪೋಷಕಳಾಗಲು ತಂದೆಯ ಹೆಸರು ಹೇಳಲೇಬೇಕಾಗಿಲ್ಲ, ಜನನ ಪ್ರಮಾಣಪತ್ರಕ್ಕೆ ಆಕೆಯ ಅಫಿಡವಿಟ್ಟೇ ಸಾಕು ಎಂದು ಸುಪ್ರೀಂ ಕೋರ್ಟು 2015ರ ಜುಲೈಯಲ್ಲಿ ಹೇಳಿತು. ಆ ಮೊಕದ್ದಮೆಯ ತಾಯಿ ಕ್ರೈಸ್ತಳು. ಇನ್ನು, ಮಗು ನನ್ನದೆಂದು ಧೈರ್ಯವಾಗಿ ಒಪ್ಪುವ ಹುಡುಗರೂ ಇಲ್ಲದಿಲ್ಲ. ಅವರಿಗೂ ಕೋರ್ಟಿನ ಬಾಗಿಲು ಮುಚ್ಚಿಲ್ಲ. ಮಗುವನ್ನು ಕಾಣಲು ಕೇಳಿಕೊಳ್ಳಬಹುದು, ಮಗುವಿನ ಹಿತ ನೋಡಿ ಕೋರ್ಟು ತೀರ್ಮಾನಿಸುತ್ತದೆ.

ಆದರೆ ಹೆರಿಗೆಯ ತನಕ ಏನು ಗತಿ? ಕಾಯಿದೆ ಇಲ್ಲಿ ಕಣ್ಣು ಮುಚ್ಚಿಕೊಂಡಿದೆ. 144ನೆಯ ಕಲಮು ಹುಟ್ಟಿದ ಮಗುವಿನ ಮಾತಾಡುತ್ತದೆ, ಹೆಂಡತಿಯ ಮಾತಾಡುತ್ತದೆ. ಹೆಂಡತಿಯಲ್ಲದ ಬಸುರಿಯ ಮಾತಿಲ್ಲ. ಗಂಡಹೆಂಡಿರಂತೆ ಒಂದೇ ಮನೆಯಲ್ಲಿ ಬಾಳಿದ್ದರೆ 2005ರ ಕೌಟುಂಬಿಕ ದೌರ್ಜನ್ಯ ಕಾಯಿದೆ ನೆರವಾದೀತು. ಮದುವೆಯ ಮಾತು ನಂಬಿ ಕೆಟ್ಟ ತೊಗರಿ ಹೊಲದ ಕೂಲಿ ಹುಡುಗಿಗೆ, ಶಹಾಬಾದಿನ ಕಲ್ಲುಗಣಿಯ ಹುಡುಗಿಗೆ ಅದೂ ಸಿಕ್ಕದು. ಔಷಧ, ಊಟ, ತಪ್ಪಿದ ದಿನಗೂಲಿ ಎಲ್ಲವೂ ಆಕೆಯ ಬಡ ತಾಯಿಯ ತಲೆಯ ಮೇಲೆ. ಪಂಚರ ಜುಜುಬಿ ಮೊತ್ತಕ್ಕೆ ಆಕೆ ಹೆಬ್ಬೆಟ್ಟು ಒತ್ತುವುದು ಈ ಹಸಿವಿನ ತಿಂಗಳುಗಳಲ್ಲೇ! ಬಸಿರು ಬಾಣಂತನದ ವೆಚ್ಚವನ್ನು ತಂದೆಯ ಮೇಲೆ ಹೊರಿಸುವ ಸ್ಪಷ್ಟ ಕಲಮು ಬರಬೇಕೆಂಬುದು ನಮ್ಮ ಒತ್ತಾಯ. ಆಗದ ಮಾತೇನಲ್ಲ, ದೇವದಾಸಿಯರ ಮಕ್ಕಳು ತಂದೆಯನ್ನು ಗುರುತಿಸಿ ಹಕ್ಕು ಕೇಳುವ ದಾರಿಯನ್ನು ನಮ್ಮ ವಿಧಾನಮಂಡಲವೇ 2025ರಲ್ಲಿ ತೆರೆಯಿತು.

ಗಿರಣಿ, ಕಾರ್ಖಾನೆಗಳ ಹೆಣ್ಣುಮಕ್ಕಳಿಗೆ ಒಂದು ಮಾತು. ಹೆರಿಗೆ ರಜೆಗೆ ತಾಳಿ ತೋರಿಸಬೇಕೆಂದು ಯಾವ ಮೇಸ್ತ್ರಿ ಹೇಳಿದರೂ ನಂಬಬೇಡಿ. 1961ರ ಹೆರಿಗೆ ಸೌಲಭ್ಯ ಕಾಯಿದೆಯಲ್ಲಿ ಮದುವೆಯ ಷರತ್ತಿರಲಿಲ್ಲ, 2025ರ ನವೆಂಬರಿನಲ್ಲಿ ಅದರ ಜಾಗಕ್ಕೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಇಲ್ಲ. ಹಿಂದಿನ ಹನ್ನೆರಡು ತಿಂಗಳಲ್ಲಿ 80 ದಿನ ದುಡಿದಿದ್ದರೆ ಸಾಕು, ಗುತ್ತಿಗೆದಾರನ ಕೈಕೆಳಗಾದರೂ ಸರಿ.

ಕೊಡ್ಲಿಯಂಥ ಊರಿನಿಂದ ಕೋರ್ಟಿಗೆ ಹೋಗಲು ಹೆದರುವವರು ತಾಲೂಕು ಕಾನೂನು ಸೇವಾ ಸಮಿತಿಯನ್ನು ಕೇಳಲಿ. 1987ರ ಕಾಯಿದೆಯಂತೆ ಹೆಂಗಸರಿಗೂ ಮಕ್ಕಳಿಗೂ ವಕೀಲರು ಪುಕ್ಕಟೆ, ವರಮಾನ ಎಷ್ಟೆಂಬ ಪ್ರಶ್ನೆಯಿಲ್ಲ. ಹುಡುಗ ಕಳಿಸಿದ ಫೋನಿನ ಸಂದೇಶಗಳನ್ನು ಅಳಿಸದಿರಲಿ, ಆಸ್ಪತ್ರೆಯ ತಾಯಿ ಕಾರ್ಡನ್ನು ಜೋಪಾನವಾಗಿಡಲಿ. ಹೆಬ್ಬೆಟ್ಟು ಒತ್ತಿದ ಕಾಗದವಿದ್ದರೆ ಅದನ್ನೂ ಜೊತೆಗೆ ತರಲಿ. ತಂದೆ ಯಾರೆಂದು ಪಂಚರೇ ಅದರಲ್ಲಿ ಬರೆದುಕೊಟ್ಟಿರುತ್ತಾರೆ.